ಶಂಕ್ರಮ್ಮ ಮೇಡಂ ಕೊಟ್ಟ ಸಮಜಾಯಿಷಿ

ಚನ್ನಗಿರಿಯಲ್ಲಿ ದಾವಣಗೆರೆ ಬಸ್ಸು ಹತ್ತಿ ಕಿಟಕಿ ಪಕ್ಕ ಜಾಗ ಹಿಡಿದ ಮೇಲೆ ನಾಗೇಂದ್ರಪ್ಪ ಮೂರನೇ ಸಲ ಬ್ಯಾಗಿನ ಜಿಪ್ ಎಳೆದು ನೋಡಿದ. ನೋಟಿಸು ಇದ್ದಲ್ಲೇ ಇತ್ತು. ಅದಕ್ಕೇನು ಕಾಲು ಬಂದು ಓಡಿಹೋಗುತ್ತದೆಯೇ? ಓಡಿಹೋಗಿದ್ದರೆ ಚೆನ್ನಾಗಿತ್ತು ಎಂದು ಒಳಗೆಲ್ಲೋ ಅನಿಸಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಕಂದು ಲಕೋಟೆಯ ಮೇಲೆ ಅವನದೇ ದುಂಡನೆಯ ಅಕ್ಷರ: ಶ್ರೀಮತಿ ಶಂಕ್ರಮ್ಮ, ಮುಖ್ಯ ಶಿಕ್ಷಕಿ, ಸರ್ಕಾರಿ ಪ್ರಾಥಮಿಕ ಶಾಲೆ, ಕರೇಕಲ್ಲಹಟ್ಟಿ, ಜಗಳೂರು ತಾಲ್ಲೂಕು. ಕಡ್ಡಾಯ ತರಬೇತಿಗೆ ಗೈರುಹಾಜರಾದದ್ದಕ್ಕೆ ಕಾರಣ ಕೇಳುವ ನೋಟಿಸು. ಇವತ್ತೇ ಆಕೆಯ ಕೈಗೆ ಕೊಟ್ಟು, ಬರಹದಲ್ಲಿ ಸಮಜಾಯಿಷಿ ಪಡೆದು, ಸಂಜೆಯೊಳಗೆ ಶಿಕ್ಷಣ ಇಲಾಖೆಯ ತನ್ನ ಮೇಲಧಿಕಾರಿ ಷಣ್ಮುಖಪ್ಪ ಸಾಹೇಬರ ಟೇಬಲ್ಲಿಗೆ ಒಪ್ಪಿಸಬೇಕು. ಸಮಜಾಯಿಷಿ ಸಾಹೇಬರಿಗೆ ಒಪ್ಪಿಗೆಯಾಗದಿದ್ದರೆ ನಾಳೆ ಆಕೆಯ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬೀಳುತ್ತದೆ. ಮೂವತ್ತಾರು ವರ್ಷದ ಸೇವೆ, ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ತಪ್ಪು ಆಕೆಯದಲ್ಲ, ತನ್ನದು ಎಂಬುದು ನಾಗೇಂದ್ರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆಕೆಗೆ ಗೊತ್ತಿದೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವನ ಕೆಲಸವೇನು ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಬಹಳ ಭರ್ಜರಿಯಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರಿಗೆ ರಾಜ್ಯದ ಶಿಕ್ಷಣ ನೀತಿಯ ಬಗ್ಗೆ, ತರಬೇತಿಗಳ ಬಗ್ಗೆ ಕಾಲಕಾಲಕ್ಕೆ ಮಾಹಿತಿ ನೀಡುವುದು. ನಿಜವಾಗಿ ಮಾಡುತ್ತಿದ್ದದ್ದು ಒಂದು ಹೆಬ್ಬೆರಳಿನ ಕೆಲಸ. ಮೇಲಿನಿಂದ ಸುತ್ತೋಲೆ ಬರುತ್ತದೆ, ಅದನ್ನು ವಾಟ್ಸಾಪ್ ಬಳಗಕ್ಕೆ ತಳ್ಳುತ್ತಾನೆ. ಬಳಗದಲ್ಲಿ ಆರುನೂರ ಹನ್ನೆರಡು ಮುಖ್ಯ ಶಿಕ್ಷಕರು. ಪ್ರತಿಯೊಬ್ಬರೂ ಶಾಲೆಯ ಹೆಸರು ಹಾಕಿ 'ಗಮನಿಸಲಾಗಿದೆ, ಅನುಷ್ಠಾನಕ್ಕೆ ತರಲಾಗುವುದು' ಎಂದು ಉತ್ತರಿಸಬೇಕೆಂಬ ಪದ್ಧತಿಯನ್ನು ತಂದವನು ಅವನೇ. ಯಾರು ಉತ್ತರಿಸಲಿಲ್ಲವೋ ಅವರ ಪಟ್ಟಿ ಸಂಜೆ ಐದಕ್ಕೆ ಬಳಗದಲ್ಲೇ ಬೀಳುತ್ತಿತ್ತು. ಮೊದಮೊದಲು ಉತ್ತರಗಳು ಬರಲು ಸಂಜೆಯಾಗುತ್ತಿತ್ತು, ಆಮೇಲೆ ಮಧ್ಯಾಹ್ನ, ಈಗೀಗ ನಲವತ್ತು ಪುಟದ ಸುತ್ತೋಲೆಗೆ ನಲವತ್ತು ಸೆಕೆಂಡಿನಲ್ಲಿ ಉತ್ತರ. ಹೋದ ವರ್ಷ ನ್ಯಾಮತಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡ ಸುದ್ದಿ ಹಾಕಿದಾಗ, ಮಧ್ಯಾಹ್ನ ಮಣ್ಣು ಮಾಡುತ್ತಾರೆಂದು ತಿಳಿಸಿದಾಗ, ಹೊನ್ನಾಳಿಯಿಂದ ಮೊದಲು ಬಂದ ಉತ್ತರ: 'ಗಮನಿಸಲಾಗಿದೆ, ಅನುಷ್ಠಾನಕ್ಕೆ ತರಲಾಗುವುದು ಸರ್.' ಹಿಂದೆಯೇ ಐನೂರು ಜನ ಅದನ್ನೇ ಹೇಳಿದರು. ಆವತ್ತು ನಕ್ಕಿದ್ದ. ನಕ್ಕು, ಸಾಹೇಬರಿಗೆ ಶೇಕಡಾ ನೂರು ಎಂದು ವರದಿ ಕೊಟ್ಟಿದ್ದ. ಮೀಟಿಂಗಿನಲ್ಲಿ ಸಾಹೇಬರು ಅವನ ಹೆಸರು ಹೇಳಿ ಹೊಗಳಿದ್ದರು. ಮನೆಯಲ್ಲಿ ಪುಷ್ಪಾವತಿ ಮಾತ್ರ, 'ಊರೋರಿಗೆಲ್ಲ ಮಾಹಿತಿ ಕೊಡ್ತೀರಿ, ಗ್ಯಾಸ್ ಮುಗಿದೈತೆ ಅಂತ ನಾನು ನಾಲ್ಕು ದಿನದಿಂದ ಕೊಡ್ತಿರೋ ಮಾಹಿತಿ ಯಾರು ಗಮನಿಸ್ತಾರೆ?' ಎಂದಿದ್ದಳು.

ಬಸ್ಸು ಊರು ದಾಟಿತು. ಮುಂದಿನ ಸೀಟಿನ ಹೆಂಗಸು ಕೂದಲಿಗೆ ಹಚ್ಚಿದ ಎಣ್ಣೆಯ ವಾಸನೆ ಗಾಳಿಗೆ ಇವನ ಮುಖಕ್ಕೇ ಬರುತ್ತಿತ್ತು. ಆರುನೂರು ಜನರಲ್ಲಿ ಸುತ್ತೋಲೆಯ ಬಗ್ಗೆ ಪ್ರಶ್ನೆ ಕೇಳಿದ್ದು ಶಂಕ್ರಮ್ಮ ಒಬ್ಬಳೇ. ಅದೂ ಬಳಗದಲ್ಲಿ, ಎಲ್ಲರ ಎದುರಿಗೆ. 'ಸರ್, ಒಂದನೇ ಪುಟದಲ್ಲಿ ಚಿಕ್ಕ ಮಕ್ಕಳಿಗೆ ಮನೆ ಮಾತಿನಲ್ಲಿ ಕಲಿಸಬೇಕು ಎಂದಿದೆ. ಮೂರನೇ ಪುಟದಲ್ಲಿ ಪಠ್ಯಪುಸ್ತಕದ ಭಾಷೆಯಲ್ಲದೆ ಬೇರೆ ಬಳಸಬಾರದು ಎಂದಿದೆ. ನಾವು ಯಾವುದನ್ನು ಪಾಲಿಸಬೇಕು?' ಓದಿದವನಾಗಿದ್ದರೆ ತಾನೇ ಉತ್ತರ ಹೇಳುವುದು! ಅವನು ಒಂದನೇ ಪುಟವನ್ನೂ ಓದಿರಲಿಲ್ಲ, ಮೂರನೆಯದನ್ನೂ ಓದಿರಲಿಲ್ಲ. 'ಸುತ್ತೋಲೆಯನ್ನು ಸಂಪೂರ್ಣವಾಗಿ ಓದಿಕೊಳ್ಳಿ ಮೇಡಂ' ಎಂದು ಗತ್ತಿನಿಂದ ಹಾಕಿದ. ಎರಡು ನಿಮಿಷಕ್ಕೆ ಆಕೆ: 'ಸಂಪೂರ್ಣ ಓದಿದ್ದಕ್ಕೇ ಕೇಳಿದೆ ಸರ್.' ಆ ಮಾತಿನ ಕೆಳಗೆ ಯಾರೋ ಒಬ್ಬ ನಗುವ ಮುಖ ಒತ್ತಿದ. ಇನ್ನೊಬ್ಬ ಒತ್ತಿದ. ನೋಡನೋಡುತ್ತಿದ್ದಂತೆ ಮೂವತ್ತೇಳು ನಗು. ಸತ್ತ ಸುದ್ದಿಯನ್ನೂ ಓದದ ಮೇಷ್ಟ್ರುಗಳು ಇದನ್ನು ಮಾತ್ರ ಓದಿದ್ದರು. ನಾಗೇಂದ್ರಪ್ಪನ ಕಿವಿ ಬಿಸಿಯಾಯಿತು. ಟೇಬಲ್ಲಿನ ಮೇಲೆ ಚಹಾ ಆರುತ್ತಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ, ಆದರೂ ಆರುನೂರು ಜನರೆದುರು ಪಂಚೆ ಬಿಚ್ಚಿದ ಹಾಗಾಯಿತು. ಹೆಬ್ಬೆರಳು ತಾನಾಗಿಯೇ ಆಕೆಯ ಹೆಸರಿನ ಮೇಲೆ ಹೋಗಿ, ಒತ್ತಿ, 'ತೆಗೆದುಹಾಕಿ' ಎಂದಲ್ಲಿ ಇನ್ನೊಮ್ಮೆ ಒತ್ತಿತು. ಸೋಮವಾರ ಮತ್ತೆ ಸೇರಿಸಿಕೊಂಡರಾಯಿತು, ಅಲ್ಲಿಯವರೆಗೆ ಸ್ವಲ್ಪ ಬುದ್ಧಿ ಬರಲಿ ಅಂದುಕೊಂಡ. ಹಾಗೆ ತೆಗೆದರೆ ಅವರ ಫೋನಿನಲ್ಲಿ ಏನು ಕಾಣಿಸುತ್ತದೆಂದು ಅವನಿಗೆ ತಿಳಿಯದು. ಅವನನ್ನು ಯಾರೂ ಯಾವ ಗುಂಪಿನಿಂದಲೂ ತೆಗೆದಿರಲಿಲ್ಲ.

ಸೋಮವಾರ ಬಂತು, ಹೋಯಿತು. ಸೇರಿಸಿದರೆ 'ನಾಗೇಂದ್ರಪ್ಪ ಅವರು ಶಂಕ್ರಮ್ಮ ಅವರನ್ನು ಸೇರಿಸಿದ್ದಾರೆ' ಎಂದು ಎಲ್ಲರಿಗೂ ಕಾಣಿಸುತ್ತದೆ, ಹಾಗಾದರೆ ತೆಗೆದಿದ್ದರೇ ಎಂದು ಹುಡುಕುತ್ತಾರೆ, ಮತ್ತೆ ಮೂವತ್ತೇಳು ನಗು. ನಾಳೆ ನೋಡೋಣ ಅಂದುಕೊಂಡ. ಆ ನಾಳೆಯಲ್ಲೇ ತರಬೇತಿಯ ದಿನಾಂಕ ಬದಲಾಯಿತು. ಹತ್ತೊಂಬತ್ತರಿಂದ ಹದಿನಾರಕ್ಕೆ. ಬಳಗಕ್ಕೆ ತಳ್ಳಿದ, ಆರುನೂರ ಹನ್ನೊಂದು ಜನ ಗಮನಿಸಿದರು, ಆರುನೂರ ಹನ್ನೊಂದಕ್ಕೆ ಆರುನೂರ ಹನ್ನೊಂದು, ಶೇಕಡಾ ನೂರು. ನಡುವೆ ಮೂರು ಸಲ ಫೋನಿನಲ್ಲಿ ಆಕೆಯ ಹೆಸರು ಮೂಡಿತ್ತು. ಮೂರು ಸಲವೂ ಅವನು ಅದು ತಾನಾಗಿ ನಿಲ್ಲುವವರೆಗೆ ನೋಡುತ್ತ ಕೂತಿದ್ದ. ತರಬೇತಿಯ ಹಾಜರಿ ಪಟ್ಟಿಯಲ್ಲಿ ಒಂದು ಮನೆ ಖಾಲಿ ಉಳಿದಾಗ ಷಣ್ಮುಖಪ್ಪ ಸಾಹೇಬರು ಕೆಂಡವಾದರು. 'ಒಬ್ಬಳಿಂದ ನಂದು ನೂರು ಹೋಯ್ತಲ್ರೀ! ಯಾರ್ರೀ ಈವಮ್ಮ? ನೋಟಿಸ್ ಬರೀರಿ.' ಬರೆದ. ಸಾಹೇಬರು ಹೇಳಿದ್ದು ಎರಡೇ ಮಾತು. 'ತಾವು ಉದ್ದೇಶಪೂರ್ವಕವಾಗಿ, ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ ತೋರಿ' ಎನ್ನುವ ಸಾಲು ಇವನದು. ಯಾರೂ ಕೇಳಿರಲಿಲ್ಲ. ಪೆನ್ನು ಹಿಡಿದರೆ ಅವನಿಗೆ ಇಂಥ ಸಾಲುಗಳು ತಾವಾಗಿ ಬರುತ್ತಿದ್ದವು. ಅದಕ್ಕೇ ಅಲ್ಲವೇ ಹದಿಮೂರು ವರ್ಷದ ಹಿಂದೆ ನ್ಯಾಮತಿಯ ಶಾಲೆಯಿಂದ ಅವನನ್ನು ಕಚೇರಿಗೆ ಎಳೆದುಕೊಂಡದ್ದು. ಸತ್ಯ ಹೇಳಿದರೆ ಸಾಹೇಬರು ಏನು ಮಾಡುತ್ತಾರೆ? ಹೆಚ್ಚೆಂದರೆ ಮತ್ತೆ ಶಾಲೆಗೆ ಕಳಿಸುತ್ತಾರೆ. ಮೇಷ್ಟ್ರಾಗಿ ಸೇರಿದ ಮನುಷ್ಯನಿಗೆ ಶಾಲೆಗೆ ಕಳಿಸುತ್ತಾರೆಂಬುದೇ ಜೈಲಿಗೆ ಹಾಕುತ್ತಾರೆಂಬಷ್ಟು ಭಯವಾಗಿತ್ತು. ನಾಚಿಕೆಯೂ ಆಯಿತು, ಸುಳ್ಳಲ್ಲ.

ದಾವಣಗೆರೆಯಲ್ಲಿ ಇಳಿದು ಜಗಳೂರು ಬಸ್ಸು ಹತ್ತಿದ. ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ತೂಗುತ್ತ ನಿಂತಾಗ ತಾನು ಹುಟ್ಟಿ ಬೆಳೆದ ಉಬ್ರಾಣಿಯ ಓಣಿ ನೆನಪಾಯಿತು. ಹುಡುಗನಾಗಿದ್ದಾಗ ಓಣಿಗೆಲ್ಲ ಕಾಗದ ಓದಿ ಹೇಳುವವನು ಅವನೇ ಆಗಿದ್ದ. ಪಕ್ಕದ ಮನೆಯ ಅಂತರಘಟ್ಟಮ್ಮನಿಗೆ ಅಕ್ಕನ ಊರಿಂದ ಒಂದು ಕಾರ್ಡು ಬಂತು. ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಕೂಡಲೇ ಬಂದು ಮುಖ ನೋಡಿಕೊಂಡು ಹೋಗು ಎಂದಿತ್ತು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ತಲೆ ಓರೆಮಾಡಿ ಕೇಳಲು ನಿಂತದ್ದು ನೋಡಿ, ಈಕೆ ಈಗ ಅಳುತ್ತಾಳೆ, ಅತ್ತರೆ ನಾನೇನು ಮಾಡಬೇಕು ಎಂದು ಹೆದರಿ, 'ಎಲ್ಲಾರೂ ಕ್ಷೇಮ ಅಂತೆ, ಮಳೆ ಬೆಳೆ ಚೆನ್ನಾಗೈತಂತೆ' ಎಂದುಬಿಟ್ಟ. ಆಕೆ ಖುಷಿಯಾಗಿ ಒಂದು ಹಿಡಿ ಹುರಿಗಡಲೆ ಕೊಟ್ಟಳು. ಅಕ್ಕ ಹೋದ ಸುದ್ದಿ ಎಂಟು ದಿನಕ್ಕೆ ಬೇರೆ ದಾರಿಯಿಂದ ಬಂತು. ಕಾಯಿಲೆಯ ಸುದ್ದಿಯ ಕಾರ್ಡು ಟಪಾಲಿನಲ್ಲೇ ಕಳೆದಿರಬೇಕೆಂದು ಆಕೆ ಸಾಯುವವರೆಗೂ ಅಂಚೆಯವನನ್ನೇ ಬೈಯುತ್ತಿದ್ದಳು. ಈ ಐವತ್ಮೂರನೇ ವಯಸ್ಸಿನಲ್ಲಿ, ಜಗಳೂರಿನ ಬಸ್ಸಿನಲ್ಲಿ, ಆ ಹುರಿಗಡಲೆ ನಾಲಿಗೆಗೆ ಬಂತು. ಥೂ ಎಂದ. ಪಕ್ಕದವನು ತನಗೇ ಅಂದದ್ದೆಂದು ದುರುಗುಟ್ಟಿ ನೋಡಿದ.

ಜಗಳೂರಿನಿಂದ ಆಟೋ. ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ದಂಟು, ಅದರಲ್ಲಿ ಬಿಟ್ಟ ಕುರಿಗಳು. ಕರೇಕಲ್ಲಹಟ್ಟಿ ಎಂದರೆ ನಲವತ್ತು ಮನೆ, ಒಂದು ಟ್ಯಾಂಕು, ಎರಡು ಕೋಣೆಯ ಶಾಲೆ. ಶಂಕ್ರಮ್ಮ ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಕ್ಕಳಿಗೆ ಏನೋ ಎಣಿಸಿ ತೋರಿಸುತ್ತಿದ್ದಳು. ಸಣ್ಣ ಆಳು, ದಪ್ಪ ಗಾಜಿನ ಕನ್ನಡಕ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಇವನನ್ನು ಕಂಡು ಎದ್ದಳು. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಈಕೆ ಜಗಳಕ್ಕೆ ನಿಲ್ಲುತ್ತಿದ್ದಳು, ಅಳುತ್ತಿದ್ದಳು, ಸಂಘದವರನ್ನು ಕರೆಸುತ್ತಿದ್ದಳು. ಎಲ್ಲದಕ್ಕೂ ಉತ್ತರ ಸಿದ್ಧವಿತ್ತು.

'ಬರ್ರಿ ಸರ್, ಬರ್ರಿ. ಅಷ್ಟು ದೂರದಿಂದ ಬಂದೀರಿ. ಕುಂತ್ಕಳ್ರಿ,' ಎಂದು ಇದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. 'ಗಿಡ್ಡಮ್ಮಾ, ಸರ್‌ಗೆ ಒಂದೀಟು ಚಾ ಕಾಸವ್ವಾ.'

ಇದಕ್ಕೆ ಉತ್ತರ ಸಿದ್ಧವಿರಲಿಲ್ಲ. ಅಡುಗೆಯ ಗಿಡ್ಡಮ್ಮ ಚಹಾದ ಜೊತೆ ಮಂಡಕ್ಕಿಯನ್ನೂ ತಂದಿಟ್ಟಳು. ನಾಗೇಂದ್ರಪ್ಪ ಲಕೋಟೆ ಕೊಟ್ಟ. ಶಂಕ್ರಮ್ಮ ಅದನ್ನು ಅಂಚು ಹರಿಯದಂತೆ ಬಿಡಿಸಿ, ಬಾಗಿಲ ಬೆಳಕಿಗೆ ಹೋಗಿ ನಿಂತು, ಬೆರಳಿಟ್ಟು ಓದಿದಳು. ಮೇಲಿನ ಉಲ್ಲೇಖ ಸಂಖ್ಯೆ ಓದಿದಳು, ದಿನಾಂಕ ಓದಿದಳು, ಕೆಳಗೆ ಯಾರ್ಯಾರಿಗೆ ಪ್ರತಿ ಹೋಗಿದೆ ಎಂಬುದನ್ನೂ ಓದಿದಳು. ಒಂದೂವರೆ ಪುಟ. ಮಂಡಕ್ಕಿ ಮುಗಿಯಿತು, ಆಕೆಯ ಓದು ಮುಗಿಯಲಿಲ್ಲ. ತಾನು ಬರೆದದ್ದನ್ನು ಒಬ್ಬರು ಹೀಗೆ ಓದುವುದನ್ನು ಅವನು ಹದಿಮೂರು ವರ್ಷದಲ್ಲಿ ನೋಡಿರಲಿಲ್ಲ.

'ಸರ್, ಇಲ್ಲಿ ಉದ್ದೇಶಪೂರ್ವಕವಾಗಿ ಅಂತ ಐತಲ್ಲ, ಇದು ಸಾಹೇಬ್ರು ಹೇಳಿದ ಮಾತಾ?'

'ಹೂಂ ಮೇಡಂ. ಸಾಹೇಬ್ರದೇ,' ಎಂದ.

'ಅವರಿಗೆ ನನ್ನ ಉದ್ದೇಶ ಹೆಂಗೆ ಗೊತ್ತಾತು ಅಂತ.'

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವ ದನಿ, ಬಳಗದಲ್ಲಿ ಕೇಳಿದ್ದಳಲ್ಲ, ಅದೇ ಥರ. ನಾಗೇಂದ್ರಪ್ಪನಿಗೆ ಆಕೆಯ ಮೇಲೆ ಇದ್ದಕ್ಕಿದ್ದಂತೆ ಕನಿಕರ ಉಕ್ಕಿತು. ಪಾಪ, ಈಕೆಗೆ ಏನೂ ಗೊತ್ತಿಲ್ಲ. ಗೊತ್ತಿದ್ದರೆ ಚಹಾ ಕೊಡುತ್ತಿದ್ದಳೇ? ಹಾಗಾದರೆ ಇಬ್ಬರೂ ಬಚಾವಾಗುವ ದಾರಿ ಇದೆ. ಆ ದಾರಿ ಹೊಳೆದದ್ದೇ ತಡ, ತಾನು ಇಷ್ಟು ದೂರ ಬಂದದ್ದು ಈಕೆಯನ್ನು ಉಳಿಸುವುದಕ್ಕೇ ಎಂದು ಅನಿಸತೊಡಗಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

'ನೋಡ್ರಿ ಮೇಡಂ, ಸಾಹೇಬ್ರು ಸಿಟ್ಟಲ್ಲಿದಾರೆ. ನೀವು ಉದ್ದ ಬರೆಯಾಕೆ ಹೋಗ್ಬೇಡ್ರಿ. ಫೋನಿಗೆ ಏನೋ ತೊಂದ್ರೆ ಆಗಿತ್ತು, ಸಂದೇಶ ಬರ್ಲಿಲ್ಲ, ಮುಂದೆ ಹಿಂಗಾಗಲ್ಲ ಅಂತ ನಾಲ್ಕು ಸಾಲು ಬರ್ದು ಕೊಡ್ರಿ. ಉಳಿದಿದ್ದು ನಾನು ನೋಡ್ಕಂತೀನಿ. ಸೇವಾ ಪುಸ್ತಕದ ತನಕ ಹೋಗಾಕೆ ನಾನು ಬಿಡಲ್ಲ.'

ಶಂಕ್ರಮ್ಮ ಕನ್ನಡಕ ತೆಗೆದು ಅವನ ಮುಖ ನೋಡಿದಳು. 'ಫೋನಿಗೆ ತೊಂದ್ರೆ ಅಂತ ಬರೀಬೇಕಾ ಸರ್?'

'ಹೂಂ. ಎಲ್ಲಾರ ಫೋನೂ ಒಂದಲ್ಲ ಒಂದು ದಿನ ಕೈ ಕೊಡ್ತೈತೆ. ಯಾರಿಗೂ ಅನುಮಾನ ಬರಲ್ಲ.'

'ಆತು. ಸಮಜಾಯಿಷಿ ಬರ್ದು ಕೊಡ್ತೀನಿ. ಮಕ್ಕಳನ್ನ ಒಂದೀಟು ನೋಡ್ಕಳ್ರಿ.'

ಆಕೆ ಬೀರುವಿನಿಂದ ಬಿಳಿ ಹಾಳೆ ಎರಡು, ನಡುವೆ ಇಡಲು ಕಾರ್ಬನ್ ಒಂದು ತೆಗೆದುಕೊಂಡು ಕಿಟಕಿಯ ಕಟ್ಟೆಗೆ ಒರಗಿ ಬರೆಯತೊಡಗಿದಳು. ಹತ್ತೊಂಬತ್ತು ಮಕ್ಕಳು ನಾಗೇಂದ್ರಪ್ಪನನ್ನು ನೋಡಿದರು. ಅವನು ಅವರನ್ನು ನೋಡಿದ. ನಿಮ್ಮ ಹೆಸರೇನು ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದ. ಮುಂದೆ ಕೂತ ಹುಡುಗಿ ಗೆಳತಿಯ ಕಿವಿಯಲ್ಲಿ ಏನೋ ಹೇಳಿ ಬಾಯಿ ಮುಚ್ಚಿ ನಕ್ಕಳು. ಅವನು ಬೋರ್ಡಿನ ಮೇಲೆ ಒಂದು ಕುರಿ ಬರೆದ. ಅದು ನಾಯಿಯಂತಾಯಿತು. ಮಕ್ಕಳು ಹೋ ಎಂದು ನಕ್ಕಾಗ ಅವನಿಗೂ ನಗು ಬಂತು, ನ್ಯಾಮತಿಯ ಶಾಲೆಯ ಮೂರನೇ ತರಗತಿಯ ಬಾಗಿಲು ಕಣ್ಣ ಮುಂದೆ ಬಂತು. ಆ ಬಾಗಿಲಿಗೆ ಒಂದು ಚಿಲಕ ಇರಲಿಲ್ಲ, ಗೂಟ ಸಿಕ್ಕಿಸುತ್ತಿದ್ದರು. ಅವನು ಬರುವುದನ್ನು ನೋಡಿ ಮಕ್ಕಳು ಆ ಗೂಟ ಕೀಳಲು ಓಡುತ್ತಿದ್ದರು.

'ಸರ್, ಆತು,' ಎಂದು ಶಂಕ್ರಮ್ಮ ಎರಡು ಪ್ರತಿ ತಂದಳು. ತುಂಬಾ ಬರೆದಂತಿತ್ತು. ಹೆಂಗಸರು ಕ್ಷಮೆ ಕೇಳಲು ಕೂತರೆ ಹಾಗೇ ಅಂದುಕೊಂಡ. ಗಡಿಯಾರ ನೋಡಿದ. ಎರಡೂಮುಕ್ಕಾಲರ ಬಸ್ಸು ತಪ್ಪಿದರೆ ಸಾಹೇಬರು ಎದ್ದುಹೋಗುತ್ತಾರೆ.

'ಇದು ನಿಮ್ಮ ಕಾಪಿ. ಇದು ಶಾಲೆ ಕಾಪಿ, ಇದರ ಮೇಲೆ ತಮ್ಮ ಸಹಿ ಬೇಕು ಸರ್. ಓದಿ ಹಾಕ್ರಿ.'

'ನೀವು ಬರ್ದ ಮೇಲೆ ಓದೋದೇನೈತೆ ಮೇಡಂ!' ಎಂದು ದೊಡ್ಡ ಮನಸ್ಸಿನಿಂದ ನಕ್ಕು, ಶಾಲೆಯ ಪ್ರತಿಯ ಅಂಚಿಗೆ 'ಓದಿದೆ, ಸರಿಯಿದೆ, ಸ್ವೀಕರಿಸಿದೆ' ಎಂದು ಬರೆದು, ಸಹಿ ಗೀಚಿ, ದಿನಾಂಕ ಹಾಕಿದ. ಸ್ವೀಕೃತಿಗೆ ಬರೀ ಸಹಿ ಸಾಕಾಗಿತ್ತು. ಆದರೆ ಅಭ್ಯಾಸದ ಕೈ. ಶಂಕ್ರಮ್ಮ ಅದನ್ನು ಊದಿ ಒಣಗಿಸಿ, ಫೈಲಿಗೆ ಸೇರಿಸಿ, ಆಟೋದವರೆಗೂ ಬಂದು ಕಳಿಸಿಕೊಟ್ಟಳು.

ಬಸ್ಸಿನಲ್ಲಿ ಈ ಸಲ ಸೀಟು ಸಿಕ್ಕಿತು. ಒಳ್ಳೆಯ ಕೆಲಸ ಮಾಡಿದವನ ದಣಿವಿನಲ್ಲಿ ಕಾಲು ಚಾಚಿದ. ಆಕೆಯ ಪುಸ್ತಕಕ್ಕೆ ಕೆಂಪು ಶಾಯಿ ಬೀಳುವುದಿಲ್ಲ, ತನ್ನ ಹೆಸರು ಎಲ್ಲೂ ಬರುವುದಿಲ್ಲ. ಸಮಜಾಯಿಷಿಯ ಮೇಲೆ ಸಾಹೇಬರಿಗೆ ಇಡುವ ಟಿಪ್ಪಣಿಯಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತ, ಒಂದೆರಡು ಪದ ಎತ್ತಿಕೊಳ್ಳೋಣವೆಂದು ಸಮಜಾಯಿಷಿ ಬಿಡಿಸಿದ. ಓದುತ್ತ ಓದುತ್ತ ಚಾಚಿದ ಕಾಲು ಹಿಂದಕ್ಕೆ ಬಂತು.

'ಮಾನ್ಯರೇ, ದಿನಾಂಕ ಐದರಂದು ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ದೂರವಾಣಿಯಲ್ಲಿ "ನಾಗೇಂದ್ರಪ್ಪ ಅವರು ನಿಮ್ಮನ್ನು ತೆಗೆದುಹಾಕಿದ್ದಾರೆ" ಎಂದು ಬಂದಿತು. ಕೈತಪ್ಪಿನಿಂದ ಆಗಿರಬಹುದೆಂದು ಸದರಿಯವರಿಗೆ ಮೂರು ಬಾರಿ ಕರೆ ಮಾಡಿದೆನು. ಸ್ವೀಕರಿಸಲಿಲ್ಲ. ಮೊದಲು ತಿಳಿಸಿದ್ದಂತೆ ಹತ್ತೊಂಬತ್ತರಂದು ಬೆಳಿಗ್ಗೆ ತರಬೇತಿಗೆ ಹೋದೆನು. ಬಾಗಿಲಿಗೆ ಬೀಗವಿತ್ತು. ಹನ್ನೆರಡು ಗಂಟೆಯವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದು ವಾಪಸು ಬಂದೆನು. ಈ ದಿನ ಸದರಿ ನಾಗೇಂದ್ರಪ್ಪನವರು ಶಾಲೆಗೆ ಬಂದು, ದೂರವಾಣಿಗೆ ದೋಷವಿತ್ತೆಂದು ಬರೆದುಕೊಡಲು ಸೂಚಿಸಿರುತ್ತಾರೆ. ನನ್ನ ದೂರವಾಣಿ ಸರಿಯಾಗಿದೆ. ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಬರೆಯಬೇಡಿರೆಂದು ಹೇಳಿರುವುದರಿಂದ ಬರೆಯಲು ಆಗುವುದಿಲ್ಲ. ಕ್ರಮ ಕೈಗೊಳ್ಳುವುದಾದರೆ ಕೈಗೊಳ್ಳಬಹುದು. ಒಂದನೇ ಪುಟ ಪಾಲಿಸಬೇಕೋ ಮೂರನೇ ಪುಟವೋ ಎಂಬ ನನ್ನ ಪ್ರಶ್ನೆಗೆ ದಯಮಾಡಿ ಉತ್ತರ ನೀಡಬೇಕಾಗಿ ವಿನಂತಿ.'

ಇದಕ್ಕೆ ಅವನು 'ಓದಿದೆ, ಸರಿಯಿದೆ' ಎಂದು ಬರೆದುಕೊಟ್ಟು ಬಂದಿದ್ದ. ಆಕೆಯ ಎದುರಿಗೇ, ನಗುತ್ತ. ಅಯ್ಯೋ ದೇವರೇ ಎಂದು ಹಣೆ ಹಿಡಿದುಕೊಂಡ. ಮೊದಲು ಸಿಟ್ಟು ಬಂತು, ಚಹಾ ಕೊಟ್ಟು ಕೊರಳು ಕೊಯ್ದಳು ಎಂದು. ಆದರೆ ಓದಿ ಹಾಕ್ರಿ ಎಂದಿದ್ದಳಲ್ಲ, ಮೋಸವೆಲ್ಲಿಂದ ಬಂತು? ಮೆಟ್ಟಿಲ ಮೇಲೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬೀಗ ತೆಗೆಯುವವರಿಗಾಗಿ ಹನ್ನೆರಡು ಗಂಟೆಯವರೆಗೆ ಕೂತ ಆಕೆ ಕಣ್ಣಿಗೆ ಕಟ್ಟಿದಳು. ಆದರೂ ಮನಸ್ಸು ಬಿಡುತ್ತದೆಯೇ, ಲೆಕ್ಕ ಹಾಕಿತು. ಶಾಲೆಯ ಪ್ರತಿ ಆ ಬೀರುವಿನಲ್ಲೇ ಗೆದ್ದಲು ಹಿಡಿಯುತ್ತದೆ. ಸಾಹೇಬರು ಸಮಜಾಯಿಷಿ ಓದುವುದಿಲ್ಲ, ಮೇಲಿನ ಟಿಪ್ಪಣಿ ನೋಡುತ್ತಾರೆ. ಟಿಪ್ಪಣಿ ಬರೆಯುವವನು ತಾನು. ಅಷ್ಟರಲ್ಲಿ ಫೋನು ಬಂತು. ಸಾಹೇಬರದೇ.

'ಎಲ್ಲಿದ್ದೀರ್ರೀ? ಸಿಕ್ತಾ ಸಮಜಾಯಿಷಿ? ಏನಂತೆ? ಬೇಗ ಹೇಳ್ರಿ, ಮೀಟಿಂಗ್ ಐತೆ.'

ಫೋನ್ ದೋಷ ಸರ್. ಅಷ್ಟೇ ಸಾಕು. ನಾಲಿಗೆಯ ತುದಿಯಲ್ಲೇ ಇತ್ತು. ತೊಡೆಯ ಮೇಲೆ ಆಕೆಯ ಹಾಳೆ ಬಸ್ಸಿನ ಗಾಳಿಗೆ ಹಾರುತ್ತಿತ್ತು, ಅಂಗೈಯಿಂದ ಒತ್ತಿ ಹಿಡಿದ. 'ಮೇಡಂ ಅವರನ್ನ ಗ್ರೂಪಿಂದ ತೆಗೆದುಹಾಕಿದ್ರಂತೆ ಸರ್. ತಾರೀಖು ಬದಲಾಗಿದ್ದು ಅವರಿಗೆ ಹೋಗೇ ಇಲ್ಲ. ಹತ್ತೊಂಬತ್ತಕ್ಕೆ ಬಂದು ಬೀಗ ನೋಡ್ಕಂಡು ಹೋಗಿದಾರೆ.'

'ಹೌದಾ! ತೆಗೆದಿದ್ದು ಯಾರ್ರೀ?'

'ನಾಗೇಂದ್ರಪ್ಪ ಅಂತ ಬರ್ದಾರೆ ಸರ್.'

'ಯಾವ ನಾಗೇಂದ್ರಪ್ಪ? ಹೊನ್ನಾಳಿಯೋನಾ? ಅವನ್ನ ಯಾರ್ರೀ ಅಡ್ಮಿನ್ ಮಾಡಿದ್ದು? ಆಯಮ್ಮಂದು ಬಿಟ್ಬಿಡ್ರಿ, ಅವನಿಗೆ ಒಂದು ನೋಟಿಸ್ ರೆಡಿ ಮಾಡ್ರಿ. ಉದ್ದೇಶಪೂರ್ವಕ ಅಂತ ಹಾಕಿದ್ರಲ್ಲ ಮೊನ್ನೆ, ಅಂಥದ್ದೇ ಗಟ್ಟಿ ಮಾತು ಇರ್ಲಿ. ನೀವು ಚೆಂದ ಬರೀತೀರಿ.'

ಹೊನ್ನಾಳಿಯಲ್ಲಿ ನಾಗೇಂದ್ರಪ್ಪನೆಂಬ ಮುಖ್ಯ ಶಿಕ್ಷಕನೊಬ್ಬ ಇದ್ದದ್ದು ನಿಜ. ಸಾಧು ಪ್ರಾಣಿ. ಯಾವ ನೋಟಿಸು ಕೊಟ್ಟರೂ ಓದದೆ, ಗಮನಿಸಲಾಗಿದೆ ಎಂದು ಸಹಿ ಹಾಕಿ ಮನೆಗೆ ಹೋಗುವ ಮನುಷ್ಯ. ಶಂಕ್ರಮ್ಮನೂ ಉಳಿದಳು, ತಾನೂ ಉಳಿದ, ದೇವರು ಎರಡು ಕೈಯಲ್ಲೂ ಕೊಡುತ್ತಿದ್ದಾನೆ. ನಾಗೇಂದ್ರಪ್ಪ ತೊಡೆಯ ಮೇಲಿನ ಹಾಳೆಯನ್ನು ನೋಡಿದ.

'ಅದು ನಾನು ಸರ್,' ಎಂದ.

ಎದುರಿಗೆ ಬಂದ ಲಾರಿಗೆ ಡ್ರೈವರು ಉದ್ದಕ್ಕೆ ಹಾರ್ನ್ ಒತ್ತಿದ. 'ಏನಂದ್ರಿ? ಏನೂ ಕೇಳ್ಸಲಿಲ್ಲ. ಹೊನ್ನಾಳಿಯೋನೇ ತಾನೇ?' ಎಂದರು ಸಾಹೇಬರು.

ಹೂಂ ಎಂದಿದ್ದರೂ ಆಗಿತ್ತು. ಏನೂ ಅನ್ನದಿದ್ದರೂ ಆಗಿತ್ತು. ನಾಗೇಂದ್ರಪ್ಪ ಸೀಟಿನಿಂದ ಎದ್ದು, ಕಂಬಿ ಹಿಡಿದು, ಆರುನೂರು ಜನಕ್ಕೆ ಕೇಳುವ ಹಾಗೆ ಕೂಗಿದ: 'ಅಲ್ಲ ಸರ್! ನಾನು! ನಾನೇ ತೆಗ್ದಿದ್ದು! ಮೇಡಂ ಒಂದು ಪ್ರಶ್ನೆ ಕೇಳಿದ್ರು, ನನಗೆ ಉತ್ತರ ಗೊತ್ತಿರ್ಲಿಲ್ಲ, ಅದಕ್ಕೇ ತೆಗ್ದೆ!'

ಇಡೀ ಬಸ್ಸು ತಿರುಗಿ ನೋಡಿತು. ಅವನು ಕಂಬಿಗೆ ಒರಗಿ, ಆಕೆಯ ಹಾಳೆ ಎತ್ತಿ ಹಿಡಿದು, 'ಮಾನ್ಯರೇ' ಎಂಬಲ್ಲಿಂದ ಸಾಹೇಬರಿಗೆ ಓದಿ ಹೇಳತೊಡಗಿದ.